ಹಳೆಯ ಗಣಕಯಂತ್ರವೂ ಹದಿನಾರಾಣೆಯ ಲೆಕ್ಕವೂ

ಬಾವಿಯ ನೀರನ್ನು ಸೇದಿ ಕುಡಿಯುವವರೆಲ್ಲರೂ ನೀರಿನ ಸೆಲೆಯನ್ನು ಬಲ್ಲವರಲ್ಲ. ಹಾಗೆ ಬಲ್ಲವರಾಗಬೇಕೆಂಬ ನಿಯಮವೂ ಇಲ್ಲ. ಆದರೆ ಸೆಲೆಯನ್ನು ಬಲ್ಲವನು ಊರಿನಲ್ಲಿ ಒಬ್ಬನೂ ಇಲ್ಲದಿದ್ದರೆ, ಬಾವಿ ಬತ್ತಿದ ದಿವಸ ಊರಿಗೆ ಊರೇ ಕೈಕಟ್ಟಿ ನಿಲ್ಲಬೇಕಾಗುವದು. ಇಂದು ಗಣಕಯಂತ್ರದ ವಿಷಯದಲ್ಲಿ ನಮ್ಮ ಹಳ್ಳಿಗಳ ಸ್ಥಿತಿಯು ಇದೇ ಆಗಿದೆ. ಮೊಬೈಲಿನ ರೂಪದಿಂದ ಆ ಯಂತ್ರವು ಪ್ರತಿಯೊಂದು ಮನೆಯ ಗೂಡಿನಲ್ಲಿಯೂ ಬಂದು ಕುಳಿತಿರುವದು. ಹಣ ಕೊಡುವದು, ಹಣ ಪಡೆಯುವದು, ಪೇಟೆಯ ಧಾರಣೆ ನೋಡುವದು, ಮಕ್ಕಳ ಪರೀಕ್ಷೆಯ ಫಲವನ್ನು ತಿಳಿಯುವದು, ಎಲ್ಲವೂ ಅದರಿಂದಲೇ. ಅದು ಒಪ್ಪಿದರೆ ಕೆಲಸವಾಯಿತು. ಒಪ್ಪದಿದ್ದರೆ “ಮಷಿನ್ ಬ್ಯಾಡಂತೈತ್ರಿ” ಎಂಬ ಒಂದು ಮಾತು ಕೇಳಿ ಮುದುಕರು ಚೀಲ ಮಡಚಿಕೊಂಡು ಮನೆಗೆ ಹೋಗುವರು. ಯಾಕೆ ಬೇಡವೆನ್ನುವದು, ಹಾಗೆ ಅನ್ನಲು ಅದಕ್ಕೆ ಹೇಳಿಕೊಟ್ಟವರು ಯಾರು ಎಂದು ಕೇಳುವವರೇ ಇಲ್ಲ.

ಕೇಳಿದವಳು ನಮ್ಮ ನೆರೆಮನೆಯ ಒಬ್ಬ ಹುಡುಗಿ. ಏಳನೆಯ ಇಯತ್ತೆಯವಳು. ಇಟಗಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆಯ ಹೊತ್ತು ನಾಲ್ಕು ಮಕ್ಕಳು ಕೂಡುವ ವಾಡಿಕೆಯುಂಟು. ಅವಳು ತಂದೆಯ ಮೊಬೈಲಿನಲ್ಲಿ ಕಡಲೆಯ ಲೆಕ್ಕ ಹಾಕುತ್ತಿದ್ದವಳು ಒಮ್ಮೆಲೆ ತಲೆಯೆತ್ತಿ, “ಮಾಸ್ತರ್ರ, ಇದರೊಳಗ ಲೆಕ್ಕಾ ಮಾಡಾವ್ರು ಯಾರ್ರೀ?” ಎಂದಳು. “ಯಂತ್ರಾನ ಮಾಡತೈತವಾ” ಎಂದೆವು. “ಹೆಂಗ ಮಾಡತೈತ್ರೀ?” ಎಂದು ಮರುಪ್ರಶ್ನೆ ಬಂದಿತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಶಬ್ದರೂಪಗಳನ್ನೂ ಧಾತುರೂಪಗಳನ್ನೂ ನಿದ್ದೆಯಲ್ಲಿ ಹೇಳಬಲ್ಲ ನಮಗೆ ಅದರ ಮುಂದೆ ಬಾಯಿ ಹೊರಳಲಿಲ್ಲ.

ಈ ಪ್ರಶ್ನೆಯು ನಮಗೆ ಹೊಸದಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಲವು ವರ್ಷಗಳ ಹಿಂದೆ ನಾವು ಕೆಲಸಕ್ಕಿದ್ದ ಒಂದು ಶಾಲೆಗೆ ಕಂಪ್ಯೂಟರುಗಳು ಬಂದವು. ಅವುಗಳಿಗೆ ಒಂದು ಕೋಣೆಯಾಯಿತು. ಕೋಣೆಗೆ ಒಂದು ಕೀಲಿಯಾಯಿತು. ಕೀಲಿಕೈ ನಮ್ಮ ಕಿಸೆಗೆ ಬಂದಿತು. ಕೆಟ್ಟುಹೋದರೆ ಯಾರು ಹೊಣೆಯೆಂಬ ಭಯದಿಂದ ನಾವು ಆ ಬಾಗಿಲನ್ನು ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಕಂಪ್ಯೂಟರಿನ ಭಾಗಗಳ ಹೆಸರನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆವು. ಒಬ್ಬ ಹುಡುಗನು ಎದ್ದು ನಿಂತು ಇದೇ ಪ್ರಶ್ನೆಯನ್ನು ಕೇಳಿದ್ದನು. “ಅದು ಪರೀಕ್ಷಾದಾಗ ಬರೂದಿಲ್ಲ, ಕೂಡ್ರು” ಎಂದು ಹೇಳಿ ಕೂಡ್ರಿಸಿದೆವು. ಅವನು ಮುಂದೆ ಶಾಲೆಯನ್ನು ಬಿಟ್ಟು ದುಡಿಯಲಿಕ್ಕೆ ಗೋವೆಗೆ ಹೋದನೆಂದು ಕೇಳಿದೆವು. ನಮ್ಮ ಮಾತಿನಿಂದಲೇ ಹೋದನೆಂದು ಹೇಳಲಾರೆವು. ಆದರೆ ಆ ಮಾತು ಮಾತ್ರ ನಮ್ಮಲ್ಲಿ ಉಳಿಯಿತು.

ಗದಗಿನಲ್ಲಿ ತಾಂತ್ರಿಕ ಶಿಕ್ಷಣದ ಕೆಲಸದಲ್ಲಿರುವ ನಮ್ಮ ಅಕ್ಕನ ಮಗನಿಗೆ ಈ ಸಂಗತಿಯನ್ನು ಹೇಳಿದೆವು. ಅವನು ನಕ್ಕು, ಮುಂದಿನ ರವಿವಾರ ಒಂದು ಪೆಟ್ಟಿಗೆಯನ್ನು ತಂದು ಪಡಸಾಲೆಯಲ್ಲಿಟ್ಟನು. ಹಳೆಯದೆಂದು ಲಿಲಾವಿನಲ್ಲಿ ಹೋದ ಸಾಮಾನು. ಗುಜರಿಯವನಿಂದ ಗುಜರಿಯ ಬೆಲೆಗೇ ಬಿಡಿಸಿ ತಂದದ್ದು. “ಮಾಮಾ, ಇದು ಭಾಳ ಹಳೇದು. ಆದರ ಇದರಾಗ ಮುಚ್ಚುಮರಿ ಏನೂ ಇಲ್ಲ” ಎಂದನು. ಆ ಒಂದು ಮಾತಿನಲ್ಲಿ ಈ ಲೇಖನದ ತಿರುಳೆಲ್ಲವೂ ಇದೆ.

ಆ ವಸ್ತುವಿನ ಹೆಸರು ೮೦೮೫ ಮೈಕ್ರೊಪ್ರೊಸೆಸರ್ ಕಿಟ್ಟು. ೧೯೭೬ರಲ್ಲಿ ಅಮೇರಿಕೆಯ ಇಂಟೆಲ್ ಕಂಪನಿಯು ಹೊರತಂದ ೮೦೮೫ ಎಂಬ ಗಣಕದ ಮಿದುಳು ಅದರ ನಡುವೆ ಇರುವದು. ಅದರೊಳಗೆ ಸುಮಾರು ೬,೫೦೦ ಟ್ರಾನ್ಸಿಸ್ಟರುಗಳು. ಇಂದಿನ ಮೊಬೈಲಿನ ಮಿದುಳಿನಲ್ಲಿಯಾದರೋ ಅವು ನೂರಾರು ಕೋಟಿ. ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಲಿಟೆಕ್ನಿಕ್ಕುಗಳಲ್ಲಿಯೂ ಕಲಿತ ಅದೆಷ್ಟೋ ತಂಡಗಳು ಇಂಥ ಕಿಟ್ಟಿನ ಮೇಲೆಯೇ ಕೈಯಾಡಿಸಿವೆ. ಇದಕ್ಕೆ ಪರದೆಯಿಲ್ಲ, ಚಿತ್ರವಿಲ್ಲ, ಹಾಡಿಲ್ಲ. ಒಂದು ಹಸಿರು ಹಲಗೆ, ಅದರ ಮೇಲೆ ಇಪ್ಪತ್ತು ಚಿಲ್ಲರೆ ಗುಂಡಿಗಳು, ಕೆಂಪಾಗಿ ಹೊಳೆಯುವ ಆರು ಅಂಕಿಗಳು, ಇಷ್ಟೇ. ಆರರಲ್ಲಿ ಎಡಗಡೆಯ ನಾಲ್ಕು ಅಂಕಿಗಳು ನೆನಪಿನ ಮನೆಯ ವಿಳಾಸವನ್ನು ತೋರಿಸುವವು. ಬಲಗಡೆಯ ಎರಡು ಆ ಮನೆಯೊಳಗೆ ಏನಿದೆಯೆಂಬದನ್ನು ಹೇಳುವವು.

ಗುಂಡಿಗಳ ಮೇಲೆ ೦ ಯಿಂದ ೯ರ ವರೆಗೆ ಅಂಕಿಗಳು. ಆ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳು. ಲೆಕ್ಕದ ಯಂತ್ರದಲ್ಲಿ ಅಕ್ಷರಗಳಿಗೇನು ಕೆಲಸವೆಂದು ಮೊದಲು ತಬ್ಬಿಬ್ಬಾದೆವು. ಅಳಿಯನು ಹೇಳಿಕೊಟ್ಟನು: ಯಂತ್ರಕ್ಕೆ ಗೊತ್ತಿರುವದು ಎರಡೇ, ವಿದ್ಯುತ್ತು ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಅಂಥ ನಾಲ್ಕು ಸ್ಥಾನಗಳನ್ನು ಸಾಲಾಗಿಟ್ಟರೆ ಹದಿನಾರು ರೂಪಗಳಾಗುವವು. ಆ ಹದಿನಾರಕ್ಕೆ ಹದಿನಾರು ಚಿಹ್ನೆಗಳು. ಈ ಮಾತು ಕಿವಿಗೆ ಬಿದ್ದ ಕೂಡಲೆ ನಮಗೆ ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿದಂತಾಯಿತು. ಇದು ನಾವು ಹುಡುಗರಾಗಿ ಕಲಿತ ಛಂದಶ್ಶಾಸ್ತ್ರದ ಪ್ರಸ್ತಾರವಲ್ಲದೆ ಮತ್ತೇನು!

ಪದ್ಯದ ಅಕ್ಷರಗಳು ಗುರು, ಲಘು ಎಂದು ಎರಡು ಬಗೆ. ಮೂರು ಅಕ್ಷರಗಳ ಗಣದಲ್ಲಿ ಇವು ಎಷ್ಟು ರೀತಿಯಿಂದ ಬರಬಹುದೆಂಬದನ್ನು ಬಿಡದೆ ಬರೆದು ತೋರಿಸುವದೇ ಪ್ರಸ್ತಾರ. ಪಿಂಗಲಾಚಾರ್ಯನು ತನ್ನ ಛಂದಸ್ಸೂತ್ರಗಳಲ್ಲಿ ಇದನ್ನು ಹೇಳಿದನು. ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿಯೂ ಇದನ್ನು ಎತ್ತಿಕೊಂಡಿದೆ. ಕ್ರಮವು ಸುಲಭವಾದದ್ದು. ಮೊದಲನೆಯ ಸಾಲಿನಲ್ಲಿ ಎಲ್ಲವೂ ಗುರು. ಮುಂದಿನ ಸಾಲಿಗೆ, ಎಡದಿಂದ ಮೊದಲು ಸಿಕ್ಕುವ ಗುರುವಿನ ಕೆಳಗೆ ಲಘುವನ್ನು ಬರೆಯಬೇಕು. ಅದರ ಬಲಕ್ಕಿರುವದನ್ನು ಮೇಲಿನಂತೆಯೇ ಇಳಿಸಬೇಕು. ಎಡಕ್ಕೆ ಉಳಿದದ್ದನ್ನು ಗುರುವಿನಿಂದ ತುಂಬಬೇಕು. ಹೀಗೆ ಎಲ್ಲವೂ ಲಘುವಾಗುವ ವರೆಗೆ ಮಾಡಿದರೆ ಮಗಣ, ಯಗಣ, ರಗಣ, ಸಗಣ, ತಗಣ, ಜಗಣ, ಭಗಣ, ನಗಣವೆಂದು ಎಂಟು ಗಣಗಳು ಸಾಲಾಗಿ ಹುಟ್ಟುವವು. ಗುರುವಿಗೆ ಸೊನ್ನೆಯೆಂದೂ ಲಘುವಿಗೆ ಒಂದೆಂದೂ ಹೆಸರಿಟ್ಟು ಎಡದಿಂದ ಏರುತ್ತ ಓದಿದರೆ, ಅದೇ ಸೊನ್ನೆಯಿಂದ ಏಳರ ವರೆಗಿನ ಗಣಕದ ಎಣಿಕೆ! ಯಂತ್ರದವರು ಬಿಡಿಯ ಸ್ಥಾನವನ್ನು ಬಲಕ್ಕಿಡುವರು, ಪ್ರಸ್ತಾರದಲ್ಲಿ ಅದು ಎಡಕ್ಕಿರುವದು, ಭೇದ ಅಷ್ಟೇ.

ನಾವು ಮಕ್ಕಳಿಗೆ ಯಂತ್ರವನ್ನು ಕೂಡಲೆ ತೋರಿಸಲಿಲ್ಲ. ಮೊದಲು ಒಂದು ಮುಷ್ಟಿ ಹುಣಸಿಬೀಜವನ್ನು ಕೊಟ್ಟೆವು. ನೆಲದ ಮೇಲೆ ಮೂರು ಮನೆ ಬರೆದು, ಖಾಲಿ ಮನೆ ಗುರು, ಬೀಜವಿದ್ದದ್ದು ಲಘು ಎಂದು ಹೇಳಿ ಪ್ರಸ್ತಾರವನ್ನು ಹಾಕಿಸಿದೆವು. ಆ ಮೇಲೆ ನಷ್ಟದ ಆಟ: ಅಳಿಸಿಹೋದ ಸಾಲನ್ನು ಅದರ ಸಂಖ್ಯೆಯಿಂದಲೇ ಕಂಡುಹಿಡಿಯುವದು. ಆರನೆಯ ಸಾಲು ಯಾವದು? ಆರು ಸಮಸಂಖ್ಯೆ, ಲಘು ಬರೆ, ಅರ್ಧ ಮಾಡು. ಬಂದ ಮೂರು ಬೆಸಸಂಖ್ಯೆ. ಗುರು ಬರೆ, ಒಂದು ಕೂಡಿಸಿ ಅರ್ಧ ಮಾಡು. ಬಂದ ಎರಡು ಸಮ, ಲಘು ಬರೆ. ಲಘು, ಗುರು, ಲಘು. ಜಗಣವಾಯಿತು, ಅದೇ ಆರನೆಯದು. ಕಾರಣವನ್ನು ತಿಳಿಯದವನೂ ಹೇಳಿದ ಹೆಜ್ಜೆಗಳನ್ನು ತಪ್ಪದೆ ಇಟ್ಟರೆ ಸರಿಯಾದ ಉತ್ತರಕ್ಕೆ ಮುಟ್ಟುವನು. ಯಂತ್ರಕ್ಕೆ ಬರೆಯುವ ಪ್ರೋಗ್ರ್ಯಾಮು ಎಂಬದು ಇಂಥ ಹೆಜ್ಜೆಗಳ ಪಟ್ಟಿಯೇ ಹೊರತು ಬೇರೆಯಲ್ಲ.

ಇದರಿಂದ ನಮ್ಮ ಪೂರ್ವಿಕರು ಗಣಕಯಂತ್ರವನ್ನು ಮಾಡಿದ್ದರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವದು ಅವರಿಗೂ ಗೌರವವಲ್ಲ, ಸತ್ಯಕ್ಕೂ ಗೌರವವಲ್ಲ. ಎರಡೇ ಅಂಕಿಗಳಿಂದ ಕೂಡುವ ಕಳೆಯುವ ಗಣಿತವನ್ನು ಯುರೋಪಿನಲ್ಲಿ ಲೈಬ್ನಿಟ್ಸನು ೧೭೦೩ರಲ್ಲಿ ಪ್ರಕಟಿಸಿದನು. ವಿದ್ಯುತ್ತಿನಿಂದ ಅದನ್ನು ಮಾಡಿಸಿದ್ದು ಕಳೆದ ಶತಮಾನದವರ ಸಾಹಸ. ಪಿಂಗಲನು ಎಣಿಸಿದ್ದು ಪದ್ಯಗಳನ್ನು. ಆದರೆ ಮನೆಯಲ್ಲಿದ್ದ ಏಣಿಯ ಮೇಲಿಂದ ಹೊಸ ಅಟ್ಟವನ್ನು ಹತ್ತಲು ಬರುವಾಗ ಬೇರೆ ಏಣಿಯನ್ನು ಕೊಳ್ಳುವದೇಕೆ? ಅನುಷ್ಟುಪ್ ಛಂದಸ್ಸಿನ ಎಂಟಕ್ಷರದ ಪಾದಕ್ಕೆ ಪ್ರಸ್ತಾರ ಹಾಕಿದರೆ ೨೫೬ ರೂಪಗಳು. ೮೦೮೫ ಒಮ್ಮೆಗೆ ಹಿಡಿಯುವದೂ ಎಂಟು ಸ್ಥಾನಗಳನ್ನೇ. ಅದರ ಒಂದೊಂದು ಮನೆಯಲ್ಲಿ ಇಡಬಹುದಾದ ರೂಪಗಳೂ ೨೫೬. ಅವುಗಳಲ್ಲಿ ೨೪೬ ರೂಪಗಳಿಗೆ “ಕೂಡಿಸು”, “ಎತ್ತಿಡು”, “ಹೋಲಿಸು”, “ಅಲ್ಲಿಗೆ ಹೋಗು” ಎಂಬಂಥ ಅಪ್ಪಣೆಗಳ ಅರ್ಥವನ್ನು ಕೊಟ್ಟಿದ್ದಾರೆ.

ಬೀಜದ ಆಟ ಕೈಗೆ ಬಂದ ಮೇಲೆ ಯಂತ್ರವನ್ನು ತೆರೆದೆವು. ಮೊದಲನೆಯ ಲೆಕ್ಕ, ಒಂಬತ್ತಕ್ಕೆ ಎಂಟು ಕೂಡಿಸುವದು. “ಎ ಎಂಬ ಪಾತ್ರೆಯಲ್ಲಿ ಮುಂದಿನ ಅಂಕಿಯನ್ನಿಡು” ಎಂಬದಕ್ಕೆ ೩ಇ, ಆ ಮೇಲೆ ೦೯. “ಬಿ ಎಂಬ ಪಾತ್ರೆಯಲ್ಲಿಡು” ಎಂಬದಕ್ಕೆ ೦೬, ಆ ಮೇಲೆ ೦೮. “ಬಿಯನ್ನು ಎಗೆ ಕೂಡಿಸು” ಎಂಬದಕ್ಕೆ ೮೦. “ಬಂದದ್ದನ್ನು ಇಂಥ ಮನೆಯಲ್ಲಿಡು” ಎಂಬದಕ್ಕೆ ೩೨ ಮತ್ತು ಆ ಮನೆಯ ವಿಳಾಸ. “ನಿಲ್ಲು” ಎಂಬದಕ್ಕೆ ೭೬. ವಿಳಾಸದ ಹಿಂದಿನ ಅರ್ಧವನ್ನು ಮೊದಲು ಬರೆಯಬೇಕೆಂದಾಗ ಮಕ್ಕಳು ನಕ್ಕರು. ಬಿಡಿಯಿಂದ ಮೊದಲುಮಾಡಿ ಸಂಖ್ಯೆಯನ್ನು ಹೇಳುವದು ನಮ್ಮ ಜ್ಯೋತಿಷಿಗಳ ಹಳೆಯ ವಾಡಿಕೆಯೆಂದು ನಾವು ಸಮಾಧಾನ ಹೇಳಿದೆವು. ಹುಡುಗಿ ಎಲ್ಲವನ್ನೂ ಒತ್ತಿ, ಓಡಿಸಿ, ಉತ್ತರದ ಮನೆಯನ್ನು ತೆರೆದಳು. ಹದಿನೇಳು ಇರಬೇಕಾದಲ್ಲಿ ೧೧ ಎಂದು ಕೆಂಪಾಗಿ ಹೊಳೆಯಿತು. “ತಪ್ಪೈತ್ರಿ ಮಾಸ್ತರ್ರ!” ಎಂದು ನಾಲ್ವರೂ ಕೂಗಿದರು. ನಿಜ ಹೇಳಬೇಕೆಂದರೆ, ಗುಜರಿಯ ಸಾಮಾನು ಗುಜರಿಯೇ ಎಂದು ನಾವೂ ಒಂದು ಗಳಿಗೆ ಅಂದುಕೊಂಡೆವು.

ಆಗ ನೆನಪಿಗೆ ಬಂದದ್ದು ನಮ್ಮ ಅಜ್ಜಿ. ೧೯೫೭ರಲ್ಲಿ ನಯೇಪೈಸೆ ಬರುವ ವರೆಗೆ ಈ ದೇಶದಲ್ಲಿ ರೂಪಾಯಿಗೆ ಹದಿನಾರಾಣೆ. ಆ ಮೇಲೆಯೂ ಎಷ್ಟೋ ವರ್ಷ ಅಜ್ಜಿ ಆಣೆಯ ಲೆಕ್ಕವನ್ನು ಬಿಟ್ಟಿರಲಿಲ್ಲ. “ಒಂಬತ್ತಾಣೆಗೆ ಎಂಟಾಣೆ ಕೂಡಿಸಿದರ ಎಷ್ಟವಾ?” ಎಂದು ಕೇಳಿ, “ಒಂದು ರೂಪಾಯಿ ಒಂದಾಣೆ” ಎಂದು ನಾವೇ ಉತ್ತರ ಹೇಳಿದೆವು. ಯಂತ್ರವು ಹೇಳಿದ್ದೂ ಅದನ್ನೇ. ಎಡಗಡೆಯ ಒಂದು ರೂಪಾಯಿ, ಬಲಗಡೆಯ ಒಂದು ಆಣೆ, ಕೂಡಿ ಹದಿನೇಳಾಣೆ. ಹತ್ತಾಣೆಗೆ ಎ, ಹನ್ನೊಂದಕ್ಕೆ ಬಿ, ಹದಿನೈದಕ್ಕೆ ಎಫ್. ಅಂದಿನಿಂದ ಮಕ್ಕಳಿಗೆ ಆ ಅಕ್ಷರಗಳ ಭಯ ಹೋಯಿತು. ಹದಿನಾರಾಣೆ ನಿಜವೆಂದು ನಾವು ಆಡುವ ಮಾತಿಗೂ ಅವರಿಗೆ ಅಂದೇ ಅರ್ಥ ತಿಳಿಯಿತು.

ಎರಡನೆಯ ಪಾಠವನ್ನು ನಾವು ಕಲಿಸಲಿಲ್ಲ, ಕರೆಂಟು ಕಲಿಸಿತು. ಒಂದು ಸಂಜೆ ಹುಡುಗಿ ಅರ್ಧ ತಾಸು ಕುಳಿತು ಒತ್ತಿದ ಪ್ರೋಗ್ರ್ಯಾಮು ಕರೆಂಟು ಹೋದೊಡನೆ ಅಳಿಸಿಹೋಯಿತು. ದೀಪ ಬಂದ ಮೇಲೆ ಯಂತ್ರಕ್ಕೆ ಗುಂಡಿಗಳನ್ನು ಓದುವ ತನ್ನ ವಿದ್ಯೆ ನೆನಪಿತ್ತು, ಇವಳು ಹೇಳಿದ್ದು ನೆನಪಿರಲಿಲ್ಲ. ಕಣ್ಣೀರು ಬಂದವು. ಹುಟ್ಟುವಾಗಲೇ ಮಾಡಿಸಿದ ಕಂಠಪಾಠದಂಥ ನೆನಪು ಒಂದು, ಪಾಟಿಯ ಮೇಲಿನ ಬರಹದಂಥ ನೆನಪು ಇನ್ನೊಂದು. ಕರೆಂಟು ಹೋದರೆ ಪಾಟಿ ಒರಸಿದಂತೆಯೇ ಎಂದು ಹೇಳಿದೆವು. ಮರುದಿನ ಅವಳು ಒಂದು ನೋಟುಬುಕ್ಕನ್ನು ತಂದಳು. ಎಡಕ್ಕೆ ವಿಳಾಸ, ನಡುವೆ ಅಂಕಿ, ಬಲಕ್ಕೆ ಆ ಅಂಕಿಯ ಅರ್ಥ ಕನ್ನಡದಲ್ಲಿ. ಬರೆದಿಡುವದು ಶಿಕ್ಷೆಯಲ್ಲ, ರಕ್ಷಣೆಯೆಂದು ಮೂವತ್ತು ವರ್ಷ ನಾವು ಹೇಳಿದ್ದನ್ನು ಯಾವ ಮಗುವೂ ಹೀಗೆ ನಂಬಿರಲಿಲ್ಲ.

ಮೂರನೆಯದು ಮಗ್ಗಿಯ ಪಾಠ. ೮೦೮೫ಕ್ಕೆ ಗುಣಾಕಾರದ ಅಪ್ಪಣೆಯೇ ಇಲ್ಲ. ಇಷ್ಟು ದೊಡ್ಡ ಯಂತ್ರಕ್ಕೆ ಮಗ್ಗಿ ಬಾರದೆಂದು ಕೇಳಿ ಮಕ್ಕಳಿಗೆ ಆದ ಸಂತೋಷವನ್ನು ಬಣ್ಣಿಸಲಾರೆವು. ಹಾಗಾದರೆ ಏಳಾರಲೆ ಎಷ್ಟೆಂಬದನ್ನು ಅದರಿಂದ ಮಾಡಿಸುವದು ಹೇಗೆ? ಎ ಪಾತ್ರೆಯಲ್ಲಿ ಸೊನ್ನೆ, ಬಿಯಲ್ಲಿ ಏಳು, ಸಿಯಲ್ಲಿ ಆರು. ಬಿಯನ್ನು ಎಗೆ ಕೂಡಿಸು. ಸಿಯಿಂದ ಒಂದು ಕಳೆ. ಸಿ ಸೊನ್ನೆಯಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕೂಡಿಸು. ಹುಡುಗಿ ಬರೆದಳು, ಒತ್ತಿದಳು, ಓಡಿಸಿದಳು. ಯಂತ್ರವು ಉತ್ತರವನ್ನೇ ಕೊಡದೆ ಸುಮ್ಮನೆ ಕುಳಿತಿತು. ಕಾದಳು, ಕಾದೆವು. ಅಳಿಯನಿಗೆ ಫೋನು ಮಾಡೋಣವೆಂದೆವು. ಅವಳು ಬೇಡವೆಂದು ಹುಣಸಿಬೀಜಗಳನ್ನು ತೆಗೆದುಕೊಂಡು, ನೋಟುಬುಕ್ಕಿನ ಒಂದೊಂದೇ ಸಾಲನ್ನು ತಾನೇ ಯಂತ್ರವಾಗಿ ನಡೆಸತೊಡಗಿದಳು. ಎರಡನೆಯ ಸುತ್ತಿಗೇ ಸಿಕ್ಕಿಬಿದ್ದಿತು. ಹಿಂದಕ್ಕೆ ಹೋಗು ಎಂದಾಗ ಅವಳು ಕೊಟ್ಟ ವಿಳಾಸವು ಕೂಡಿಸುವ ಸಾಲಿನದಲ್ಲ, “ಸಿಯಲ್ಲಿ ಆರು ಇಡು” ಎಂಬ ಸಾಲಿನದು. ಆರು ಐದಾಗುವದು, ಮರಳಿ ಆರಾಗುವದು. ಗಾಣದೆತ್ತಿನಂತೆ ಅದಕ್ಕೆ ಕೊನೆಯೆಂಬುದೇ ಇಲ್ಲ. “ಯಂತ್ರದ್ದೇನೂ ತಪ್ಪಿಲ್ರೀ. ನಾ ಹೇಳಿದ್ದನ್ನ ಮಾಡಾಕ ಹತ್ತೈತಿ” ಎಂದಳು. ವಿಳಾಸವನ್ನು ತಿದ್ದಿ ಓಡಿಸಲು ೨ಎ ಬಂದಿತು. ಎರಡು ರೂಪಾಯಿ ಹತ್ತಾಣೆ, ನಾಲ್ವತ್ತೆರಡಾಣೆ. ಏಳಾರಲೆ ನಾಲ್ವತ್ತೆರಡು.

ವಾಚಕರು ಅವಳ ಮಾತನ್ನು ಇನ್ನೊಮ್ಮೆ ಓದಬೇಕೆಂದು ಬೇಡಿಕೊಳ್ಳುವೆವು. ಯಂತ್ರವು ಹೇಳಿದ್ದನ್ನು ಮಾಡುವದು. ಹೇಳಿದವನು ತಪ್ಪಿದರೆ ತಪ್ಪನ್ನೇ ಮಾಡುವದು. ಈ ತಿಳಿವಳಿಕೆಯುಳ್ಳ ಮಗು ದೊಡ್ಡದಾದ ಮೇಲೆ “ಮಷಿನ್ ಬ್ಯಾಡಂತೈತಿ” ಎಂಬ ಮಾತನ್ನು ಕೇಳಿ ಚೀಲ ಮಡಚಲಾರದು. ಅದಕ್ಕೆ ಹೇಳಿಕೊಟ್ಟ ನಿಯಮವೇನು, ಹೇಳಿಕೊಟ್ಟವರು ಯಾರು ಎಂದು ಕೇಳುವದು. ಮನುಷ್ಯರಂತೆ ಮಾತಾಡುವ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ಹೀಗೆ ಕೇಳುವ ಧೈರ್ಯವು ಎಷ್ಟು ಬೇಕೆಂಬದನ್ನು ಗೃಹಸ್ಥರಿಗೆ ಹೇಳಬೇಕಾಗಿಲ್ಲ.

ಹೊಸ ಯಂತ್ರಗಳಲ್ಲಿ ಇದನ್ನು ಕಲಿಸಬಾರದೆ ಎಂದು ಕೆಲವರು ಕೇಳುವರು. ಕಲಿಸಬಹುದು; ಆದರೆ ಕಷ್ಟ. ಹೊಸ ಯಂತ್ರವು ಅರಮನೆಯಂತೆ. ಅದರ ಅಡಿಗೆಮನೆ ಅತಿಥಿಗೆ ಕಾಣುವದಿಲ್ಲ. ಹಳೆಯದು ಒಂದಂಕಣದ ಮನೆ. ಹೊಸಲಿನಲ್ಲಿ ನಿಂತರೆ ಒಲೆಯೂ ಕಾಣುವದು. ನಮ್ಮ ಸರಕಾರವು ೧೯೮೪-೮೫ರಲ್ಲಿ ಕ್ಲಾಸ್ ಎಂಬ ಹೆಸರಿನಿಂದ ಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಮೊದಲುಮಾಡಿ, ಆರಂಭಕ್ಕೆ ೨೫೦ ಶಾಲೆಗಳನ್ನು ಆರಿಸಿತು. ಅದಕ್ಕೆ ತಂದದ್ದು ಇಂಗ್ಲಂಡದ ಏಕಾರ್ನ್ ಕಂಪನಿಯು ೧೯೮೧ರಲ್ಲಿ ಮಾಡಿದ ಬಿ.ಬಿ.ಸಿ. ಮೈಕ್ರೊ. ಅದರ ನೆನಪು ಬರಿ ೩೨ ಕಿಲೋಬೈಟು, ಎಂದರೆ ೩೨,೭೬೮ ಮನೆಗಳು. ಗುಂಡಿ ಒತ್ತಿದೊಡನೆ ಅದು ಆಟವನ್ನಾಗಲಿ ಚಿತ್ರವನ್ನಾಗಲಿ ತೋರಿಸದೆ, ನಿಮ್ಮ ಅಪ್ಪಣೆಯೇನು ಎಂಬಂತೆ ಬೇಸಿಕ್ ಭಾಷೆಯ ಸಾಲಿಗಾಗಿ ಕಾಯುತ್ತ ನಿಲ್ಲುತ್ತಿತ್ತು. ಏನಾದರೂ ಹೇಳದ ಹೊರತು ಅದರಿಂದ ಏನೂ ಸಿಕ್ಕುತ್ತಿರಲಿಲ್ಲ. ಆದಕಾರಣ ಮಕ್ಕಳು ಹೇಳಲು ಕಲಿತರು. ಮುಂದೆ ಅದೇ ಕೇಂಬ್ರಿಜಿನಲ್ಲಿ, ಗಣಕಶಾಸ್ತ್ರವನ್ನು ಓದಲು ಬರುವ ಹುಡುಗರಿಗೆ ಹಿಂದಿನವರಷ್ಟು ಕೈವಾಡವಿಲ್ಲವೆಂಬದನ್ನು ಕಂಡ ಅಧ್ಯಾಪಕರು ೨೦೧೨ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಗಣಕವನ್ನು ಹೊರತಂದರು. ಅದರ ಮಾದರಿಗಳಿಗೆ ಹಳೆಯ ಬಿ.ಬಿ.ಸಿ. ಯಂತ್ರದ ಮಾದರಿಗಳಂತೆಯೇ ಎ, ಬಿ ಎಂದು ಹೆಸರಿಟ್ಟರು. ಮುಂದುವರಿದ ದೇಶದವರೂ ಹಳೆಯದರ ಗುಣವನ್ನು ಹೀಗೆ ನೆನೆದುಕೊಂಡಿರುವರು.

ಹುಡುಗಿಯ ತಾಯಿ ಒಂದು ದಿನ ಬಾಗಿಲಲ್ಲಿ ನಿಂತು, “ಇದರಿಂದ ನೌಕರಿ ಸಿಗತೈತೇನ್ರಿ ಮಾಸ್ತರ್ರ?” ಎಂದು ಕೇಳಿದರು. ಇಲ್ಲವೆಂದೆವು. ಸುಳ್ಳು ಆಸೆ ಹಚ್ಚುವ ವಯಸ್ಸು ನಮ್ಮದಲ್ಲ. ೮೦೮೫ ಕಲಿತವರನ್ನು ಇಂದು ಯಾರೂ ಕರೆದು ಸಂಬಳ ಕೊಡುವದಿಲ್ಲ. ಹೊಟ್ಟೆಯ ವಿದ್ಯೆಗೆ ಹೊಸ ಯಂತ್ರಗಳನ್ನೂ ಹೊಸ ಭಾಷೆಗಳನ್ನೂ ಮುಂದೆ ಕಲಿಯಲೇಬೇಕು. ಆದರೆ ಬಾಲಬೋಧೆಯನ್ನು ಓದಿದ್ದಕ್ಕೆ ಯಾರಿಗೂ ನೌಕರಿ ಸಿಕ್ಕಿಲ್ಲ, ಅದನ್ನು ಬಿಟ್ಟವರಿಗೆ ಮುಂದಿನ ಪುಸ್ತಕವೂ ಸಿಕ್ಕಿಲ್ಲ. ಆ ತಾಯಿ ಸ್ವಲ್ಪ ಹೊತ್ತು ನಿಂತು ನೋಡಿ, “ಕತ್ತಲಾಗೂದರಾಗ ಮನೀಗೆ ಕಳಸ್ರಿ” ಎಂದು ಹೋದರು. ಅದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಈ ಪ್ರಯೋಗವನ್ನು ಮಾಡಬೇಕೆನ್ನುವ ಗೃಹಸ್ಥರಿಗೆ ಎರಡು ಮಾತು. ಕಿಟ್ಟು ಸಿಕ್ಕದಿದ್ದರೆ ಹುಣಸಿಬೀಜ, ಪಾಟಿ, ಒಂದು ನೋಟುಬುಕ್ಕು ಸಾಕು. ೮೦೮೫ರಂತೆಯೇ ನಡೆಯುವ ಪ್ರೋಗ್ರ್ಯಾಮುಗಳು ಇಂದಿನ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ದೊರೆಯುವವು. ಕಿಟ್ಟು ಸಿಕ್ಕರೆ, ಅದು ನಡೆಯುವದು ಐದೇ ವೋಲ್ಟಿನ ಮೇಲಾದರೂ, ಗೋಡೆಯ ಕರೆಂಟನ್ನು ಇಳಿಸಿ ಕೊಡುವ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಬಿಡತಕ್ಕದ್ದಲ್ಲ. ಹಳೆಯ ತಂತಿಗಳನ್ನು ತಿಳಿದವರಿಂದ ನೋಡಿಸಿಯೇ ಹಚ್ಚಬೇಕು. ಮತ್ತು ಮಗು ತಪ್ಪು ಮಾಡಿದಾಗ ಉತ್ತರವನ್ನು ಹೇಳಿಬಿಡುವ ಆತುರವನ್ನು ಹಿರಿಯರು ತಡೆದುಕೊಳ್ಳಬೇಕು. ನಮಗೆ ಎಲ್ಲಕ್ಕಿಂತ ಕಠಿಣವಾದದ್ದು ಇದೇ.

ಮೊನ್ನೆ ಮೂರನೆಯ ಇಯತ್ತೆಯ ಒಬ್ಬ ಹುಡುಗನು ಬಂದು ಕಿಟ್ಟನ್ನು ನೋಡಿ, “ಇದರೊಳಗ ಯಾರದಾರ?” ಎಂದು ಕೇಳಿದನು. ನಾವು ಬಾಯಿ ತೆರೆಯುವಷ್ಟರಲ್ಲಿಯೇ ಆ ಹುಡುಗಿ, “ಯಾರೂ ಇಲ್ಲ. ಬಾ, ತೋರಸ್ತೀನಿ” ಎಂದು ಅವನ ಮುಂದೆ ಮೂರು ಮನೆ ಬರೆದು ಹುಣಸಿಬೀಜವನ್ನು ಇಟ್ಟಳು. ನಾವು ಸುಮ್ಮನೆ ಕೇಳುತ್ತ ಕುಳಿತೆವು. ಯಂತ್ರವು ಈಗ ಪಡಸಾಲೆಯ ಕಪಾಟಿನಲ್ಲಿರುವದು. ಆ ಕಪಾಟಿಗೆ ನಾವು ಕೀಲಿ ಹಾಕುವದಿಲ್ಲ.